ಗಿಳಿ ತೊಟ್ಟಿಲಿನ ಮರದ ಕೂಸು

ಲತೀಫ್ ಮಾಡಿದ ತೊಟ್ಟಿಲು ಕಿರುಗುಟ್ಟುವುದಿಲ್ಲ ಎಂಬುದು ಹುಣಸೂರಿನ ಹಳಬರಿಗೆಲ್ಲ ಗೊತ್ತು. ಆದರೆ ಹಳಬರಿಗೆ ಈಗ ತೊಟ್ಟಿಲು ಬೇಕಿಲ್ಲ. ಬೇಕಾದ ವಯಸ್ಸಿನವರು ಫೋನಿನಲ್ಲಿ ಒತ್ತಿ, ಕಬ್ಬಿಣದ ಸ್ಟ್ಯಾಂಡು, ಸ್ಪ್ರಿಂಗು, ಸೊಳ್ಳೆ ಪರದೆ ಎಲ್ಲ ಸೇರಿದ ಜೋಲಿಯನ್ನು ಮನೆ ಬಾಗಿಲಿಗೇ ತರಿಸಿಕೊಳ್ಳುತ್ತಾರೆ. ಸಾಮಿಲ್ಲುಗಳ ಸಾಲಿನ ಕೊನೆಯಲ್ಲಿದ್ದ ಅವನ ಶೆಡ್ಡಿನಲ್ಲಿ ಉಳಿ ಬಡಿಯುವ ಸದ್ದು ಕಡಿಮೆಯಾಗುತ್ತಾ ಬಂದಿತ್ತು. ಮೈಸೂರಿನ ಒಂದು ಫರ್ನಿಚರ್ ಶೋರೂಮಿನವರು ಮಂಚ, ಬೀರು ಜೋಡಿಸುವ ಕೆಲಸಕ್ಕೆ ಕರೆದಿದ್ದರು. ಬಕ್ರೀದ್ ಕಳೆದ ಮೇಲೂ ಹೀಗೇ ಇದ್ದರೆ ಶೆಡ್ಡಿಗೆ ಬೀಗ ಹಾಕಿ ಹೋಗಿಬಿಡುತ್ತೇನೆ ಎಂದು ಅವನು ಹೆಂಡತಿ ಫರ್ಹತ್‌ಗೆ ಹೇಳಿದ್ದ. ಸಿಟ್ಟಿನಿಂದ ಹೇಳಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಗಿತ್ತು.

ಅವಳು ಸಂಜೆ ತರಗತಿಗೆ ಸೇರಿದಳು. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಕುಮಾರ್ ಎಂಬವರು ಚಿಕ್ಕ ವ್ಯಾಪಾರದವರಿಗೆ ಇನ್‌ಸ್ಟಾಗ್ರಾಂನಲ್ಲಿ ಗಿರಾಕಿಗಳನ್ನು ಸಂಪಾದಿಸುವುದು ಹೇಗೆಂದು ಕಲಿಸುತ್ತಿದ್ದರು. ಕೇಕು ಮಾಡುವವರು, ಬ್ಲೌಸ್ ಹೊಲಿಯುವವರು, ಪಿರಿಯಾಪಟ್ಟಣದಿಂದ ಬರುವ ನರ್ಸರಿಯವನೊಬ್ಬ ಅಲ್ಲಿದ್ದರು. ಫರ್ಹತ್ ಎಲ್ಲರಿಗಿಂತ ಹಿಂದೆ ಕೂರುತ್ತಿದ್ದಳು.

"ಜನ ಬೆರಳಲ್ಲಿ ತಳ್ಕೊಂಡು ಹೋಗ್ತಾನೇ ಇರ್ತಾರೆ ಮೇಡಂ, ಆ ಬೆರಳು ನಿಲ್ಬೇಕು," ಎನ್ನುತ್ತಿದ್ದರು ಕುಮಾರ್. "ಸುಮ್ನೆ ನಿಂತಿರೋ ವಸ್ತು ನೋಡಿ ಯಾರೂ ನಿಲ್ಲಲ್ಲ. ಅಲ್ಲಾಡ್ಬೇಕು. ಮತ್ತೆ ಹಿಂದೆ ಮುಂದೆ ಕಸ ಕಡ್ಡಿ ಕಾಣ್ಬಾರ್ದು, ಅಷ್ಟೇಯ."

ಅವಳು ಪೇಜು ತೆರೆದಳು. ಹಾಕಿದ ಪ್ರತಿ ಫೋಟೋವನ್ನೂ, ಎಲ್ಲಿ ತಪ್ಪು ಬರೆದುಬಿಟ್ಟೆನೋ ಎಂದು ಮತ್ತೆ ಮತ್ತೆ ತೆರೆದು ಓದಿದಳು. ನೋಡುವವರು ಮಾತ್ರ ನೆಂಟರು, ತರಗತಿಯವರು. ನೆಂಟರಲ್ಲದವರ ಪೈಕಿ ಪೇಜು ನೋಡಿ ಬಂದ ಮೊದಲ ಗಿರಾಕಿ ಮಿರ್ಲೆಯ ಸುನಂದಮ್ಮ. ಬಾಣಂತನಕ್ಕೆ ತವರಿಗೆ ಬಂದಿದ್ದ ಅವರ ಮಗಳು ಅನುಶ್ರೀ ಫೋನಿನಲ್ಲಿ ಹಳೆಯದೊಂದು ತೊಟ್ಟಿಲ ಫೋಟೋ ನೋಡಿ, ಮೂಲೆಗೆ ಗಿಳಿ ಕೆತ್ತಿರುವುದೇ ಬೇಕು ಎಂದಿದ್ದಳಂತೆ. ಸುನಂದಮ್ಮ ಮುಂಗಡ ಕೊಟ್ಟು ಒಂದು ಮಾತು ಹೇಳಿ ಹೋಗಿದ್ದರು.

"ಮಗೀನ ಮುಖ ನೋಡೋಗಂಟ ತೊಟ್ಲು ನಮ್ಮನೆ ವಸ್ಲು ದಾಟ್ಬಾರ್ದು ಕಣಮ್ಮ. ಇಲ್ಲೇ ಇರ್ಲಿ. ಓದ್ ಸಲ ಐದು ತಿಂಗಳಿಗೇ ಕಳ್ಕಂಡ್ಳು. ಈ ಸಲ ಅವ್ಳು ಉಸುರು ಬುಡಕ್ಕೂ ಹೆದರ್ತಾವ್ಳೆ."

ಲತೀಫ್ ಹಲಸಿನ ಮರದಲ್ಲಿ ತೊಟ್ಟಿಲು ಮಾಡಿದ. ನಾಲ್ಕು ಮೂಲೆಗೂ ಗಿಳಿ ಕೂರಿಸಿದ. ಕೊಕ್ಕೆಗೆ ತೂಗುಹಾಕಿ, ತೂಗಿ ನೋಡುವ ಮೊದಲು ಒಳಗೆ ಒಂದು ಮರದ ತುಂಡು ಮಲಗಿಸಿದ. ಅದು ಅವನ ಅಬ್ಬಾನ ಕಾಲದಿಂದ ಶೆಡ್ಡಿನಲ್ಲಿರುವ ಹೊನ್ನೆ ಮರದ ತುಂಡು. ಅಂಚೆಲ್ಲ ಸವೆದು ದುಂಡಗಾಗಿದೆ. ಹೊಸ ಮರಕ್ಕೆ ಗೀರು ಬೀಳದಿರಲೆಂದು ಅದಕ್ಕೆ ಹಳೇ ಲುಂಗಿಯೊಂದನ್ನು ಸುತ್ತಿರುತ್ತಾನೆ. ಆ ಶೆಡ್ಡಿನಿಂದ ಹೊರಟ ಯಾವ ತೊಟ್ಟಿಲಿನಲ್ಲೂ ಮೊದಲು ಮಲಗಿದ್ದು ಅದೇ ತುಂಡು.

ಫರ್ಹತ್ ಫೋನು ಹಿಡಿದು ವಿಡಿಯೋ ತೆಗೆದಳು. ನೋಡಿದರೆ ಮಾಸಿದ ಲುಂಗಿ ಎದ್ದು ಕಾಣುತ್ತಿತ್ತು. ಸಾಲದ್ದಕ್ಕೆ ಲತೀಫ್ ಆ ತುಂಡನ್ನು ತಟ್ಟುತ್ತಾ "ಸೋಜಾ ರೇ, ಸೋಜಾ" ಎಂದು ಗೊಣಗುತ್ತಿದ್ದ. ಅವಳಿಗೆ ನಾಚಿಕೆಯಾಯಿತು. ಅವನು ಚಹಾ ಕುಡಿಯಲು ಹೋದಾಗ ತುಂಡನ್ನು ಎತ್ತಿ ಬದಿಗಿಟ್ಟು, ನೆಲ ಗುಡಿಸಿ, ಬೆಳಕು ಬೀಳುವ ಕಡೆ ನಿಂತು, ಒಂದು ಕೈಯಿಂದ ತೊಟ್ಟಿಲು ತೂಗುತ್ತಾ ಇನ್ನೊಂದು ಕೈಯಿಂದ ರೀಲ್ ತೆಗೆದಳು. ಗಿಳಿಗಳು ಬಿಸಿಲಿನಲ್ಲಿ ಹೋಗಿ ಬಂದವು.

ಬರಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡು, ತೂಗಬಾರದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳ ಅಮ್ಮಿಯೂ ಅದನ್ನೇ ಹೇಳಿ ಬೆಳೆಸಿದ್ದಳು. ಆದರೆ ಫೋನಿನ ಚೌಕದೊಳಗೆ ನೋಡುವಾಗ ಅವಳಿಗೆ ಕಂಡದ್ದು ಬೆಳಕು, ಗಿಳಿ, ಹಿಂದಿನ ಗೋಡೆ. ಅದು ತೊಟ್ಟಿಲು ಎನ್ನುವುದು ಅಷ್ಟು ಹೊತ್ತು ಮರೆತುಹೋಗಿತ್ತು.

ಬೆಳಗಾಗುವಷ್ಟರಲ್ಲಿ ರೀಲ್ ಎಲ್ಲೆಲ್ಲಿಗೋ ಹೋಗಿತ್ತು. ಮಧ್ಯಾಹ್ನಕ್ಕೆ ನೋಡಿದವರು ಲಕ್ಷ ದಾಟಿದರು. ಫರ್ಹತ್ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ನಿಂತಳು. ಆಮೇಲೆ ಕಾಮೆಂಟು ಓದಲು ಶುರು ಮಾಡಿದಳು.

"ಬರಿ ತೊಟ್ಟಿಲು ತೂಗ್ತಾರೇನ್ರೀ?" "ನಿಮ್ಮನೇಲಿ ದೊಡ್ಡೋರಿಲ್ವಾ?" "ನಮ್ಮಜ್ಜಿ ನೋಡಿದ್ರೆ ಪೊರಕೆ ತಗೊಂಡು ಬರ್ತಾ ಇದ್ರು." ಕೆಲವರು ನಗುವ ಮುಖ ಹಾಕಿದ್ದರು, ಕೆಲವರು ನಿಜಕ್ಕೂ ಬೈದಿದ್ದರು. ಅವಳು ಕುಮಾರ್‌ಗೆ ಫೋನು ಮಾಡಿದಳು.

"ಬೈತಾವ್ರಾ? ಬೈಲಿ ಬುಡಿ ಮೇಡಂ," ಎಂದರು ಅವರು ಸಂತೋಷದಿಂದ. "ಬೈಯೋರೂ ನಿಮ್ಮ ಪೇಜಿಗೇ ತಾನೇ ಬಂದು ಬೈಯೋದು? ಅದ್ಕೇ ಓಡ್ತಾ ಇರೋದು ಅದು. ತೆಗೆದುಬುಟ್ಟೀರಾ ಮತ್ತೆ! ಇಂಥದ್ದು ವರ್ಷಕ್ಕೆ ಒಂದ್ಸಲ ಸಿಕ್ಕಿದ್ರೆ ಹೆಚ್ಚು."

ಅವರು ಹೇಳಿದ್ದು ಸುಳ್ಳಲ್ಲ. ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಮರದ ಸಾಮಾನಿನ ಅಂಗಡಿ ಇಟ್ಟಿರುವ ಲಿಂಗಣ್ಣ ಎಂಬವರು ಮೆಸೇಜು ಕಳಿಸಿದ್ದರು. ನಾಲ್ಕು ತೊಟ್ಟಿಲು ಬೇಕು, ಈ ವಿಡಿಯೋನ ಅಂಗಡಿಯ ಟಿವಿಯಲ್ಲಿ ಹಾಕುತ್ತೇನೆ, ತೆಗೆಯಬೇಡಿ. ಫರ್ಹತ್ ಅದನ್ನು ಗಂಡನಿಗೆ ಓದಿ ಹೇಳಿದಳು. ನಾಲ್ಕು ತೊಟ್ಟಿಲೆಂದರೆ ಮೈಸೂರಿನ ಮಾತು ಸದ್ಯಕ್ಕೆ ಮುಂದಕ್ಕೆ ಹೋದಂತೆ. ಲತೀಫ್ ರೀಲನ್ನು ಮೊದಲ ಸಲ ನೋಡಿದ.

"ತುಂಡು ಎಲ್ಲಿ?" ಎಂದ.

"ಚೆನ್ನಾಗಿ ಕಾಣ್ತಿರ್ಲಿಲ್ಲ, ತೆಗ್ದೆ."

ಅವನು ಫೋನನ್ನು ಅವಳ ಕೈಗೆ ಕೊಟ್ಟು ಉಳಿ ಮಸೆಯತೊಡಗಿದ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಸುನಂದಮ್ಮನ ಫೋನು ಬಂದದ್ದು ಅದರ ಮರುದಿನ.

"ಏನವ್ವ, ನಿಂಗೇನ್ ಬುದ್ಧಿ ಇಲ್ವಾ? ನನ್ ಮಗಳ ತೊಟ್ಲ ಬರೀದು ತೂಗಿ ಊರಿಗೂರಿಗೇ ತೋರ್ಸಿದ್ದೀಯಲ್ಲ! ಯಾರ್ದೋ ಆಗಿದ್ರೆ ಬುಡು ಅನ್ನಬೋದಿತ್ತು. ಅವ್ಳೇ ಫೋನಲ್ಲಿ ನೋಡ್ಕಂಡವ್ಳೆ. ನೆನ್ನೆಯಿಂದ ಒಂದು ತುತ್ತು ಇಳೀತಿಲ್ಲ ಅವ್ಳಿಗೆ. ಮಗ ಹೊಟ್ಟೇಲಿ ಆಡ್ತಾ ಅದೆ ಅಂತ ಡಾಕ್ಟ್ರು ಹೇಳುದ್ರೂ ನಂಬ್ತಿಲ್ಲ. ಆ ತೊಟ್ಲು ನಮ್ಗೆ ಬ್ಯಾಡ. ನೀವೇ ಮಡೀಕಳಿ."

ಫರ್ಹತ್ ಕ್ಷಮಿಸಿ ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮಾರನೆಯ ದಿನ ಅವಳು ಕೆ.ಆರ್. ನಗರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡು, ಆಗಾಗ ತಿರುಗಿಸಿ ನೋಡಿದಳು. ಸಂಖ್ಯೆ ಏರುತ್ತಲೇ ಇತ್ತು. ತೆಗೆದುಬಿಟ್ಟರೆ ಲಿಂಗಣ್ಣನವರಿಗೆ ಏನು ಹೇಳುವುದು? ತೆಗೆಯದಿದ್ದರೆ ಆ ಹುಡುಗಿಯ ಮುಖ ಹೇಗೆ ನೋಡುವುದು? ತೆಗೆದರೂ ನೋಡಿದ್ದು ನೋಡದ ಹಾಗಾಗುತ್ತದೆಯೇ? ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಲೆ ಬಸ್ಸಿಗೆ ಕಾಯುತ್ತಾ, ಕಡಲೆಕಾಯಿ ಮಾರುವವಳ ಪಕ್ಕ ನಿಂತು, ಅವಳು ರೀಲನ್ನು ಅಳಿಸಿದಳು. ಫೋನು "ಖಂಡಿತಾ ಅಳಿಸಬೇಕೆ?" ಎಂದು ಕೇಳಿತು. ಹೌದು ಎಂದು ಒತ್ತಿದಳು. ಲತೀಫನನ್ನು ತಾನೇ ಕೈಯಾರೆ ಮೈಸೂರಿನ ಬಸ್ಸು ಹತ್ತಿಸಿದ ಹಾಗೆನಿಸಿತು.

ಮಿರ್ಲೆಯಲ್ಲಿ ನಾಟಿಯ ಕಾಲ. ಸುನಂದಮ್ಮನ ಗಂಡ ಪುಟ್ಟಸ್ವಾಮಿ ಗದ್ದೆಗೆ ಹೋಗಿದ್ದರು. ಸುನಂದಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಬಂದ್ಯಾ? ಬಂದ್ ತಪ್ಪಿಗೆ ಕಾಪಿ ಕುಡಿ. ಕುಡುದು ಅದೇ ಬಸ್ಸಿಗೆ ಹೋಗು."

"ತೆಗೆದ್ಬಿಟ್ಟೆ ಅಕ್ಕ. ಈಗ ಅದು ಇಲ್ಲ."

"ನೀನು ತೆಗುದ್ರೆ? ನನ್ ತಂಗಿ ಮಗ ಭೇರ್ಯದಿಂದ ಕಳ್ಸವ್ನೆ ನಂಗೆ. ನನ್ ಫೋನಲ್ಲೇ ಅದೆ!"

ಒಳಗೆ ಚಾಪೆಯ ಮೇಲೆ ಅನುಶ್ರೀ ಗೋಡೆಗೆ ಒರಗಿ ಕೂತಿದ್ದಳು. ತುಂಬು ಹೊಟ್ಟೆಯ ಮೇಲೆ ಎರಡೂ ಕೈ. ಪಕ್ಕದಲ್ಲಿ ಅವಳ ಅಜ್ಜಿ ಚಿಕ್ಕಬೀರಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಫರ್ಹತ್ ಚಾಪೆಯ ಅಂಚಿನಲ್ಲಿ ಕೂತಳು.

"ತಪ್ಪಾಯ್ತಮ್ಮ," ಎಂದಳು. "ಬೇರೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

ಅನುಶ್ರೀ ಅವಳನ್ನು ಬೈಯಲಿಲ್ಲ. ತುಂಬಾ ಹೊತ್ತಿನಿಂದ ಕೇಳಬೇಕೆಂದಿದ್ದವಳ ಹಾಗೆ ಕೇಳಿದಳು. "ಅಕ್ಕ, ಮೊದಲ್ನೇ ಸಲ ತೂಗ್ದಾಗ್ಲೇ ಬರೀದಾಗಿತ್ತಾ?"

"ಇಲ್ಲ, ಇಲ್ಲ. ನಮ್ಮನೆಯವ್ರು ಯಾವತ್ತೂ ಬರೀದು ತೂಗಲ್ಲ. ಒಂದು ಮರದ ತುಂಡು ಮಲಗ್ಸಿ ತೂಗ್ತಾರೆ. ಅವರಪ್ಪಾನೂ ಹಂಗೇ ಮಾಡ್ತಿದ್ರು. ಆಮೇಲೆ ನಾನು... ಚೆಂದ ಕಾಣ್ಲಿ ಅಂತ..."

"ಸುಮ್ನೆ ನನ್ ಸಮಾಧಾನಕ್ಕೆ ಹೇಳ್ತಿದ್ದೀರ."

ಆಗ ಫರ್ಹತ್‌ಗೆ ನೆನಪಾಯಿತು. ಬೇಡವೆಂದು ಬಿಟ್ಟಿದ್ದ ಆ ಮೊದಲ ವಿಡಿಯೋವನ್ನು ಅವಳು ಅಳಿಸಿರಲಿಲ್ಲ. ಏನನ್ನಾದರೂ ಬಿಸಾಕುವುದೆಂದರೆ ಅವಳಿಗೆ ಮೊದಲಿನಿಂದಲೂ ಅಳುಕು. ಹುಡುಕಿ ತೆಗೆದು ಅನುಶ್ರೀಯ ಮುಂದೆ ಹಿಡಿದಳು. ಮಸುಕು ಬೆಳಕು, ನೆಲದ ತುಂಬ ಹೊಟ್ಟು, ಮಾಸಿದ ಲುಂಗಿ ಹೊದ್ದು ಮಲಗಿದ ತುಂಡು. ಅದನ್ನು ತಟ್ಟುವ ಒಂದು ಕೈ. "ಸೋಜಾ ರೇ, ಸೋಜಾ."

ಚಿಕ್ಕಬೀರಮ್ಮ ಮೊರ ಬಿಟ್ಟು ಬಗ್ಗಿ ನೋಡಿದರು. "ಯಾರ್ ಮಗವ್ವ ಅದು? ಎಂತ ಕಪ್ಪು ಕೂಸು!"

"ಮಗ ಅಲ್ಲ ಕಣಜ್ಜಿ, ಮರದ್ ತುಂಡು," ಎಂದಳು ಅನುಶ್ರೀ.

"ಮರದ್ ತುಂಡಾ? ಅಂಗಾರೆ ಗುಂಡಪ್ಪ ಅನ್ನು!" ಅಜ್ಜಿ ಕೈ ತಟ್ಟಿದರು. "ನಾವು ಹೆಸ್ರು ಇಕ್ಕೋ ದಿನ ಗುಂಡ್ಕಲ್ಗೆ ಕುಲಾವಿ ಕಟ್ಟಿ, ಮಗೀಗಿಂತ ಮೊದ್ಲು ತೊಟ್ಲಿಗೆ ಮಲಗ್ಸಲ್ವಾ? ಕಲ್ಲು ಇದ್ದಂಗೆ ಇರ್ಲಿ ಕೂಸು ಅಂತ. ನಾವು ಕಲ್ಲು ಇಕ್ತೀವಿ, ಸಾಬ್ರು ಮರ ಇಕ್ಕವ್ರೆ. ಮೊದ್ಲು ಮಲುಗ್ದೋನು ಅವ್ನೇ ಕಣ್ರವ್ವ. ಬರೀ ತೊಟ್ಲು ಎಲ್ ಬಂತು?"

"ಆಮ್ಯಾಲೆ ಇವ್ಳು ಬರೀದು ತೂಗವ್ಳಲ್ಲ ಅತ್ತೆ," ಎಂದರು ಸುನಂದಮ್ಮ.

"ಆಮ್ಯಾಲಿಂದು ಆಮ್ಯಾಲೆ. ಗುಂಡಪ್ಪ ಎದ್ದು ಕಾಪಿ ಕುಡಿಯಕ್ಕೆ ಓಗಿದ್ದ ಅನ್ಕೊ."

ಅನುಶ್ರೀ ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಫೋನನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. "ಅದೇನಂತಾರೆ ಅವ್ರು?" ಎಂದು ಕೇಳಿ, 'ಮಲಗೋ, ಮಲಗು' ಎಂದು ಫರ್ಹತ್ ಹೇಳಿದ ಮೇಲೆ ಮತ್ತೂ ಒಮ್ಮೆ ನೋಡಿದಳು. "ಅಕ್ಕ, ಇದ್ನ ಹಾಕಿ ನೀವು," ಎಂದಳು.

"ಇದಾ? ಬೆಳಕಿಲ್ಲ, ಕಸ ಕಾಣುತ್ತೆ..."

"ಕಂಡ್ರೆ ಕಾಣ್ಲಿ. ಅದ್ನ ನೋಡಿದೋರೆಲ್ಲ ಇದ್ನೂ ನೋಡ್ಲಿ."

ಸುನಂದಮ್ಮ ಕಾಫಿಯ ಜೊತೆ ಮುದ್ದೆಯೂಟಕ್ಕೂ ಕೂರಿಸಿದರು. ಅನುಶ್ರೀಯೂ ಪಕ್ಕದಲ್ಲಿ ಕೂತು ಉಂಡಳು. ಹೊರಡುವಾಗ ಮಾತ್ರ ಸುನಂದಮ್ಮ ಮುಖ ಬಿಗಿ ಮಾಡಿಕೊಂಡೇ ಹೇಳಿದರು. "ಮಗ ಸುಸೂತ್ರ ಆಗ್ಲಿ. ಆಮ್ಯಾಲೆ ನೋಡಾನ ತೊಟ್ಲ ವಿಚಾರ."

ಫರ್ಹತ್ ವಿಡಿಯೋ ಹಾಕಿದಳು. ಮರದ ತುಂಡಿನ ವಿಷಯ, ಬರಿದು ತೂಗಿದ್ದು ತನ್ನ ತಪ್ಪೆಂಬುದು, ಎರಡನ್ನೂ ಕೆಳಗೆ ಬರೆದಳು. ಹಿಂದಿನದರ ಹತ್ತಿರಕ್ಕೂ ಇದು ಹೋಗಲಿಲ್ಲ. ಕುಮಾರ್ ತಲೆ ಚಚ್ಚಿಕೊಂಡರು. ಲಿಂಗಣ್ಣ ಫೋನು ಮಾಡಿ, "ಅಲ್ಲಾ ಕಣಮ್ಮ, ಒಳ್ಳೇದ್ನ ತೆಗ್ದು ಕಸದ್ನ ಹಾಕಿದ್ದೀರಲ್ಲ," ಎಂದು ಬೇಸರ ಮಾಡಿಕೊಂಡು, ನಾಲ್ಕು ಬೇಡ, ಸದ್ಯಕ್ಕೆ ಎರಡು ಸಾಕು ಎಂದರು. ಆದರೆ ನಿಧಾನವಾಗಿ ಬೇರೆ ಬಗೆಯ ಮಾತುಗಳು ಬರತೊಡಗಿದವು. ನಮ್ಮಜ್ಜಿ ಒನಕೆ ತುಂಡು ಇಡುತ್ತಿದ್ದಳು, ನಮ್ಮ ಕಡೆ ತೆಂಗಿನಕಾಯಿ ಇಡುತ್ತೇವೆ, ಆ ಕೂಸಿಗೆ ಹೆಸರೇನು? ಕೇಳಿದವರಿಗೆಲ್ಲ ಫರ್ಹತ್ ಒಬ್ಬೊಬ್ಬರಿಗೂ ಉತ್ತರ ಬರೆದಳು. ಹಾಗೆ ಬರೆದವರಲ್ಲಿ ಕೆಲವರು ಬೆಲೆ ಕೇಳಿದರು.

ಬಕ್ರೀದ್ ಬಂದು ಹೋಯಿತು. ಶೋರೂಮಿನವರು ಮತ್ತೆ ಕರೆದರು. ಲತೀಫ್ "ಕೈಯಲ್ಲಿ ಎರಡು ತೊಟ್ಲು ಇದೆ, ಮುಗಿಸಿ ಹೇಳ್ತೀನಿ," ಎಂದ. ಗಿಳಿ ತೊಟ್ಟಿಲು ಒಂದು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಫರ್ಹತ್ ದಿನಾ ನಮಾಜಿನ ನಂತರ ಕೈಯೆತ್ತಿ ಆ ಹುಡುಗಿಗಾಗಿ ಕೇಳಿಕೊಳ್ಳುತ್ತಿದ್ದಳು. ಮಿರ್ಲೆಗೆ ಫೋನು ಮಾಡಲು ಮಾತ್ರ ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಗೂಡ್ಸ್ ಆಟೋ ನಿಂತಿತು. ಪುಟ್ಟಸ್ವಾಮಿ ಇಳಿದರು. ಅವರ ಹಿಂದೆ ಸುನಂದಮ್ಮ, ಕಂಕುಳಲ್ಲಿ ಏನನ್ನೋ ಹೊತ್ತುಕೊಂಡು. ಫರ್ಹತ್ ಅವರ ಮುಖವನ್ನೇ ನೋಡಿದಳು.

"ಹೆಣ್ಮಗ," ಎಂದರು ಸುನಂದಮ್ಮ. "ಅವ್ರವ್ವನಂಗೇ ಅದೆ. ನಾಳಿದ್ದು ಹೆಸ್ರು ಇಡ್ತೀವಿ. ಎಲ್ಲಿ, ತಗೀರಿ ತೊಟ್ಲ."

ಕಂಕುಳಲ್ಲಿದ್ದದ್ದು ಕೆಂಪು ಕುಲಾವಿ ಕಟ್ಟಿದ ಗುಂಡುಕಲ್ಲು. ಇಲ್ಲಿಂದ ಮಿರ್ಲೆಯವರೆಗೆ ಆಟೋದಲ್ಲಿ ಕುಲುಕಿಕೊಂಡು ಹೋಗುವ ತೊಟ್ಟಿಲು ಬರಿದಾಗಿ ಹೋಗಬಾರದೆಂದು ಚಿಕ್ಕಬೀರಮ್ಮ ಕೊಟ್ಟು ಕಳಿಸಿದ್ದರು. ಲತೀಫ್ ಬಟ್ಟೆ ಸರಿಸಿದ. ಸುನಂದಮ್ಮ ಕಲ್ಲನ್ನು ಮಗುವಿನ ಹಾಗೆ ತಲೆಗೆ ಕೈ ಕೊಟ್ಟು ಮಲಗಿಸಿ, ಒಮ್ಮೆ ತೂಗಿ ಕಿವಿಗೊಟ್ಟರು. ಸದ್ದಿಲ್ಲ.

ಫರ್ಹತ್‌ಳ ಕೈಯಲ್ಲಿ ಫೋನಿತ್ತು. ಅವಳು ಅದನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

"ಏನ್ ನೋಡ್ಕಂಡ್ ನಿಂತೆ?" ಎಂದು ಗದರಿದರು ಸುನಂದಮ್ಮ. "ಹಿಡಿ ಫೋನ. ಅಲ್ಲಿ ಅನು ಕಾಯ್ತಾ ಕೂತವ್ಳೆ, ನಿನ್ ಪೇಜಲ್ಲಿ ನೋಡ್ಬೇಕಂತೆ. ನನ್ ಸೆರಗು ಸರಿ ಅದಾ ನೋಡ್ ಮೊದ್ಲು."

ಫರ್ಹತ್ ಫೋನೆತ್ತಿದಳು. ಹಿಂದಿನ ಗೋಡೆ, ನೆಲದ ಹೊಟ್ಟು, ಪುಟ್ಟಸ್ವಾಮಿಯ ಕೆಸರು ಮೆತ್ತಿದ ಕಾಲು ಎಲ್ಲವೂ ಚೌಕದೊಳಗೆ ಬಂದವು. ಒಂದು ಮೂಲೆಯಲ್ಲಿ ಲತೀಫ್, ಹ್ಯಾಂಡ್‌ಪೋಸ್ಟಿಗೆ ಹೋಗಬೇಕಾದ ತೊಟ್ಟಿಲನ್ನು ಕೊಕ್ಕೆಗೆ ಹಾಕಿ, ಲುಂಗಿ ಸುತ್ತಿದ ತುಂಡಿಗಾಗಿ ಕೈ ಚಾಚುತ್ತಿದ್ದ. ಅವಳು ಅವನಿಗೆ ಪಕ್ಕಕ್ಕೆ ಸರಿ ಎನ್ನಲಿಲ್ಲ.