ಇಲಿಗೆ ಕೊಟ್ಟ ಕರೆಂಟು

ಸೊಣ್ಣಪ್ಪನ ಹುಳುಮನೆಗೆ ಇಲಿ ಹೊಕ್ಕು ತಿಂಗಳಾಗಿತ್ತು. ವಿಷ ಇಡುವ ಹಾಗಿಲ್ಲ. ಹಿಪ್ಪುನೇರಳೆ ಸೊಪ್ಪಿಗೆ ಚೂರು ಬೆರೆತರೂ ರೇಷ್ಮೆಹುಳುಗಳ ಕಥೆ ಮುಗಿಯಿತು. ಪೇಟೆಯಿಂದ ಒಂದು ಇಲಿಬೋನು ತಂದಿಟ್ಟಿದ್ದರೆ ಆಗುತ್ತಿತ್ತು, ಆದರೆ ಈ ಪುಣ್ಯಾತ್ಮನಿಗೆ ಸುಲಭದ ಕೆಲಸ ಯಾವತ್ತು ಒಗ್ಗಿದೆ? ಮೊದಲು ಸೈಕಲ್ ರಿಮ್ಮಿಗೆ ಹಳೇ ಮಿಕ್ಸಿಯ ಮೋಟಾರು ಕಟ್ಟಿ, ಇಲಿ ಹತ್ತಿದೊಡನೆ ಗಿರ್ರನೆ ತಿರುಗಿ ಬಕೆಟ್ಟಿಗೆ ಕೆಡಹುವ ಯಂತ್ರ ಮಾಡಿದ. ಆಮೇಲೆ ಪೈಪು, ಅದರೊಳಗೆ ಸೆನ್ಸಾರು, ತಾನಾಗಿ ಬೀಳುವ ಬಾಗಿಲು, ಬಿದ್ದರೆ ಕೂಗುವ ಗಂಟೆ. ಒಂದು ಇಲಿಯೂ ಸಿಗಲಿಲ್ಲ. ಟೀ ಅಂಗಡಿಯಲ್ಲಿ ಪಿಳ್ಳಪ್ಪ, ಇಲಿಗಳಿಗೆ ಲಿಫ್ಟು ಯಾವಾಗ ಹಾಕಿಸುತ್ತೀಯಪ್ಪಾ ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಆ ನಗುವನ್ನು ಸೊಣ್ಣಪ್ಪ ಮರೆಯಲಿಲ್ಲ. ಮರುದಿನ ಬೆಳಿಗ್ಗೆ ಕರೆಂಟು ಇಲ್ಲದ ಹೊತ್ತು ನೋಡಿ, ಹುಳುಮನೆಯ ಹೊಸ್ತಿಲ ಒಳಗೆ ತಂತಿಬಲೆ ಹಾಸಿ, ಅದಕ್ಕೆ ನೇರವಾಗಿ ಕರೆಂಟಿನ ವೈರು ಕೊಟ್ಟು, ಹಿಂದಿನ ಯಂತ್ರಗಳಿಗೆ ಬಳಸಿದ್ದ ಹೊರಗೋಡೆಯ ಸಾಕೆಟ್ಟಿಗೇ ಪ್ಲಗ್ಗು ಸಿಗಿಸಿದ. ಎಲ್ಲರೂ ಮಲಗಿದ ಮೇಲೆ ಸ್ವಿಚ್ಚು ಹಾಕುವುದು, ಬೆಳಿಗ್ಗೆ ತೆಗೆಯುವುದು ಎಂಬ ಲೆಕ್ಕಾಚಾರ. ಹೆಂಡತಿ ಅನುಸೂಯಮ್ಮನಿಗೆ ಮಾಮೂಲಿನಂತೆ ಏನೂ ಹೇಳದೆ, ಒಳ್ಳೆಯದೊಂದು ಸ್ವಿಚ್ಚು ತರಲು ಬೈಕು ಹತ್ತಿ ಹತ್ತಿರದ ವಿಜಯಪುರದ ಪೇಟೆಗೆ ಹೋದ.

ಅಂಗಡಿಯವನು ಹೊಸ ಸ್ವಿಚ್ಚನ್ನು ಕೈಯಲ್ಲಿ ಹಿಡಿದು, ಹೀಗಿದ್ದರೆ ಆಫ್, ಹೀಗಿದ್ದರೆ ಆನ್ ಎಂದು ಒತ್ತಿ ತೋರಿಸಿದ. ಸೊಣ್ಣಪ್ಪನಿಗೆ ಆಗ ಹೊಳೆಯಿತು. ಆ ಸಾಕೆಟ್ಟಿನ ಹಳೇ ಸ್ವಿಚ್ಚನ್ನು ತಾನು ಎರಡು ಸಲ ಒತ್ತಿ ನೋಡಿದ್ದು ನಿಜ, ಆದರೆ ಕೊನೆಗೆ ಬಿಟ್ಟದ್ದು ಆನ್ ಕಡೆಗೆ. ಕರೆಂಟೇ ಇರಲಿಲ್ಲವಲ್ಲ, ಗೊತ್ತಾಗುವುದಾದರೂ ಹೇಗೆ?

ಊರಿನ ಲೈನಿಗೆ ಕರೆಂಟು ಮಧ್ಯಾಹ್ನಕ್ಕೆ ಬರುತ್ತದೆ. ಅನುಸೂಯಮ್ಮ ಸೊಪ್ಪು ಹಾಕಲು ಹೋಗುವುದೂ ಮಧ್ಯಾಹ್ನಕ್ಕೇ. ಹುಳುಮನೆಗೆ ಚಪ್ಪಲಿ ಹಾಕಿ ಹೋಗುವಂತಿಲ್ಲ. ಹುಳುಗಳಿಗೆ ರೋಗ ತಗುಲದಂತೆ ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ಬೋಗುಣಿಯಲ್ಲಿ ಕಾಲು ಅದ್ದಿಯೇ ಒಳಗೆ ಹೆಜ್ಜೆ ಇಡಬೇಕು. ಒದ್ದೆ ಕಾಲು, ಬರಿಗಾಲು, ಕೆಳಗೆ ತಂತಿ. ಅಯ್ಯೋ ದೇವರೇ, ಬಲೆಯನ್ನು ಹಾಸುವಾಗ ಈ ಬುದ್ಧಿ ಎಲ್ಲಿ ಹೋಗಿತ್ತು!

ಫೋನು ಮಾಡಿದ. ಮಾಡುತ್ತಲೇ ಇದ್ದ. ಅದು ಅಡುಗೆಮನೆಯ ಗೂಡಿನಲ್ಲಿ ಬಡಿದುಕೊಳ್ಳುತ್ತಿರುತ್ತದೆಂದು ಗೊತ್ತಿದ್ದೂ ಮಾಡಿದ. ಬೈಕನ್ನು ಹೇಗೆ ಓಡಿಸಿದನೋ ಅವನಿಗೇ ತಿಳಿಯದು. ದಾರಿಯುದ್ದಕ್ಕೂ ಬೋರ್‌ವೆಲ್ಲಿನ ಮೋಟಾರುಗಳ ಸದ್ದಿಗೆ ಕಿವಿಗೊಟ್ಟ. ಇನ್ನೂ ಒಂದೂ ಓಡುತ್ತಿರಲಿಲ್ಲ.

ಮನೆಯ ಹಿಂದಕ್ಕೆ ಬಂದಾಗ ಅನುಸೂಯಮ್ಮ ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಬೋಗುಣಿಯಿಂದ ಕಾಲೆತ್ತುತ್ತಿದ್ದಳು. ಅವನು ಕೂಗಿದ್ದು ಬೈಕಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಬೈಕನ್ನು ಹಾಗೇ ಕೆಡವಿ ಓಡಿ, ಹೊರಗೋಡೆಯ ಪ್ಲಗ್ಗನ್ನು ಹಿಡಿದು ಎಳೆದ. ಅಷ್ಟರಲ್ಲಿ ಅವಳ ಎರಡೂ ಕಾಲು ಬಲೆಯ ಮೇಲಿದ್ದವು. ಒಂದು ಉಸಿರು ಕಳೆಯಿತೋ ಇಲ್ಲವೋ, ಒಳಗಿನ ಬಲ್ಬು ಹೊತ್ತಿಕೊಂಡಿತು. ಪಕ್ಕದ ತೋಟದಲ್ಲಿ ಮೋಟಾರು ಓಡತೊಡಗಿತು.

ಅವಳು ತಿರುಗಿ, ಕೈಯಲ್ಲಿ ಪ್ಲಗ್ಗು ಹಿಡಿದು ನಿಂತಿದ್ದ ಗಂಡನನ್ನು ನೋಡಿದಳು. ಕಳ್ಳತನ ಬಯಲಾದಂತೆ ಅವಳ ಮುಖ ಕಪ್ಪಿಟ್ಟಿತು.

"ಗೊತ್ತಾಗ್ಬಿಡ್ತಾ ನಿಮ್ಗೆ?" ಎಂದಳು. "ನೀವು ಮಲಗಿದ್ಮೇಲೆ ದಿನಾ ನಾನೇ ಆ ಪ್ಲಗ್ಗು ಕಿತ್ತಿಡ್ತಿದ್ದೆ. ರಾತ್ರಿ ಸೊಪ್ಪು ಹಾಕೋಕೆ ಒದ್ದೆ ಕಾಲಲ್ಲಿ ಬರೋಳು, ನಿಮ್ಮ ಯಂತ್ರ ಅಂದ್ರೆ ಭಯ ಆಗೋದು. ಬೆಳಿಗ್ಗೆ ನೀವು ಏಳೋದ್ರೊಳಗೆ ಮತ್ತೆ ಸಿಗಿಸ್ತಿದ್ದೆ. ಹೇಳಿದ್ರೆ ಬೇಜಾರು ಮಾಡ್ಕೊತೀರ ಅಂತ ಸುಮ್ನಿದ್ದೆ. ಹಗಲೂ ಒಳಗೆ ಕಾಲಿಡೋ ಮುಂಚೆ ಕೀಳ್ತಿದ್ದೆ, ಇವತ್ತು ಕರೆಂಟೇ ಇಲ್ವಲ್ಲ ಅಂತ ಕೀಳ್ಲಿಲ್ಲ."

ಸೊಣ್ಣಪ್ಪ ಪ್ಲಗ್ಗನ್ನು ನೆಲಕ್ಕೆ ಹಾಕಿದ.

"ಯಾವ್ದಕ್ಕೂ ಇಲಿ ಬೀಳ್ತಿಲ್ವಲ್ಲ ಅಂತ," ಎಂದ, "ಈ ಸಲ ಬಲೆಗೇ ಕರೆಂಟು ಕೊಟ್ಟಿದ್ದೆ ಕಣೆ."

ಅನುಸೂಯಮ್ಮ ಮಂಕರಿಯನ್ನು ಇಳಿಸಲಿಲ್ಲ, ಕಾಲನ್ನೂ ಕದಲಿಸಲಿಲ್ಲ. ತಾನು ನಿಂತಿದ್ದ ಬಲೆಯನ್ನೇ ನೋಡುತ್ತಿದ್ದಳು.