ಸೋತವರ ನಿರೂಪಕಿ

ಅತ್ತೆಯ ತಲೆ ಮತ್ತೊಮ್ಮೆ ಎಡಕ್ಕೆ ವಾಲಿತು. ಅಶ್ವಿನಿ ಎರಡೂ ಅಂಗೈಗಳಿಂದ ಗಲ್ಲ ಹಿಡಿದು ನೆಟ್ಟಗೆ ಮಾಡಿದಳು. ತಲೆಗೆ ಸುತ್ತಿದ ಬಿಳಿ ಬಟ್ಟೆಯ ತುದಿಯನ್ನು ಗೋಡೆಯ ಮೊಳೆಗೆ ಕಟ್ಟುತ್ತಿದ್ದ ಜಂಗಮ ಅಯ್ಯನವರು, "ಹಂಗೇ ಹಿಡೀರಿ ಅವ್ವಾ, ಒಂದು ಗಂಟು ಹಾಕಿಬಿಡತೀನಿ," ಎಂದರು.

ಸ್ನಾನ ಮುಗಿದಿತ್ತು. ಹಣೆಯ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ಎಡ ಅಂಗೈಯಲ್ಲಿ ಲಿಂಗ. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ ಚನಬಸವ್ವ ಮತ್ತೆ ಏಳಲಿಲ್ಲ. ಈಗ ಗೋಡೆಗೆ ಒರಗಿ ಕಾಲು ಮಡಿಸಿ ಕೂತಿದ್ದವರು ಸಂಜೆ ಟಿವಿ ನೋಡಲು ಕೂತ ಹಾಗೆಯೇ ಕಾಣುತ್ತಿದ್ದರು. ಎದುರಿನ ಟಿವಿಗೆ ಯಾರೋ ಟವೆಲ್ ಹೊದಿಸಿದ್ದರು.

ಬಾಗಿಲಲ್ಲಿ ಬಸವಕುಮಾರ ಬಂದು ನಿಂತರು. ಮಾವನ ಅಣ್ಣ; ರಾತ್ರಿಯ ಗಾಡಿಗೆ ಭಾಲ್ಕಿಯಿಂದ ಬಂದವರು. ಟ್ರ್ಯಾಕ್ಟರಿಗೆ ಹೇಳಿದ್ದು, ಬಾಳೆಕಂಬ ತರಿಸಿದ್ದು, ಕುಣಿ ತೋಡುವವರನ್ನು ಕಳಿಸಿದ್ದು ಎಲ್ಲ ಅವರೇ. ಈಗ ಅವರ ಮುಖ ಬಿಗಿದಿತ್ತು.

"ಅಶ್ವಿನಿ, ಹೊರಗ ನೋಡವ್ವ. ಇದೇನು ಮದಿವಿ ಮನಿ ಏನು?"

ಕಿಟಕಿಯಿಂದ ಇಣುಕಿದಳು. ಗಾರಖೇಡಾದ ಆ ಸಣ್ಣ ಗಲ್ಲಿಯ ತುಂಬ ಹೆಂಗಸರು. ನೇರಳೆ, ಗಿಣಿಹಸಿರು, ಕುಂಕುಮಗೆಂಪು. ಎಲ್ಲರೂ ರೇಷ್ಮೆಯ ಪೈಠಣಿ ಸೀರೆ ಉಟ್ಟಿದ್ದರು. ಮೋಡ ಕವಿದ ಬೆಳಗಿನಲ್ಲಿ ಅವರ ಸೆರಗಿನ ಜರಿನವಿಲುಗಳಷ್ಟೇ ಹೊಳೆಯುತ್ತಿದ್ದವು. ಎಲ್ಲರ ಮುಂದೆ ಪಕ್ಕದ ಮನೆಯ ಭಾನುಮತಿ ಕಾಕೂ ನಿಂತಿದ್ದರು.

"ಅತ್ತಿ ಆಡಿಸಿದ ಆಟದಾಗ ಗೆದ್ದ ಸೀರಿ ಅವು, ದೊಡ್ಡ ಮಾವಾ," ಎಂದಳು ಅಶ್ವಿನಿ. ನಾಶಿಕದಲ್ಲಿ ಹುಟ್ಟಿ ಬೆಳೆದವಳು; ಕನ್ನಡ ತಿಳಿದಷ್ಟು ಸಲೀಸಾಗಿ ಆಡಲು ಬರುತ್ತಿರಲಿಲ್ಲ, ನಡುನಡುವೆ ಮರಾಠಿ ನುಸುಳುತ್ತಿತ್ತು. "ತೇ... ಅವರಿಗಿ ಮಣ್ಣಿಗಿ ಬರೋದು ಅದ."

"ಮಣ್ಣಿಗಿ ಹೆಣ್ಮಕ್ಕಳು ಬರೋ ಪದ್ಧತಿ ನಮ್ಮ ಮನ್ಯಾಗಿಲ್ಲ. ಅದರಾಗ ಜರಿ ಸೀರಿ ಉಟ್ಟು? ವಿಶ್ವನಾಥಪ್ಪನ ಹೆಂಡ್ತಿ ಮೈಕ್ ಹಿಡದು ತಿರುಗ್ತಿದ್ದಳು, ಸತ್ತ ಮ್ಯಾಲೂ ತಮಾಶಾ ಬಿಡಲಿಲ್ಲ ಅಂತಾರ ಮಂದಿ. ಇಲ್ಲೇ ಕೈ ಮುಗದು ಹೋಗ್ಲಿ ಅಂತ ಹೇಳು."

ಮಾವ ವಿಶ್ವನಾಥಪ್ಪ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಜೊತೆಗೂ ಅರ್ಧ ಮಾತು ಕತ್ತು ಆಡಿಸಿಯೇ ಮುಗಿಸುವ ಮನುಷ್ಯ ಅವರು.

* * *

ಮದುವೆಯಾಗಿ ಈ ಮರಾಠಿ ಊರಿಗೆ ಬಂದಾಗ ಸೇಡಂ ಕಡೆಯ ಹುಡುಗಿ ಚನಬಸವ್ವನಿಗೆ ಮರಾಠಿಯ ಗಂಧವೂ ಇರಲಿಲ್ಲ. ಮಗ ರವಿಕಾಂತ ಶಾಲೆಗೆ ಹೋಗುವಷ್ಟು ದೊಡ್ಡವನಾದ ಮೇಲೂ ಅವರು ನೆರೆಮನೆಯ ಹೊಸ್ತಿಲು ದಾಟಿರಲಿಲ್ಲ. ತಪ್ಪು ಮಾತಾಡಿದರೆ ನಗುತ್ತಾರೆಂಬ ಅಂಜಿಕೆ. ತರಕಾರಿ ಮಾರುವವನ ಎದುರು ಬೆರಳು ತೋರಿಸಿ, ಚೀಲ ಒಡ್ಡಿ, ತಲೆ ತಗ್ಗಿಸಿ ಬರುವುದು.

ಅವರಿಗೆ ಮಾತು ಕಲಿಸಿದ್ದು ಟಿವಿ. ಸಂಜೆ ಒಂದು ಆಟದ ಕಾರ್ಯಕ್ರಮ ಬರುತ್ತಿತ್ತು. ನಿರೂಪಕ ಊರೂರು ತಿರುಗಿ ಗೃಹಿಣಿಯರನ್ನು ಆಡಿಸಿ, ಗೆದ್ದವಳಿಗೆ ಪೈಠಣಿ ಕೊಡುತ್ತಿದ್ದ. ಎಲ್ಲರನ್ನೂ 'ವಹಿನಿ', ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ಚನಬಸವ್ವ ರೊಟ್ಟಿ ಬಡಿಯುತ್ತ ಅವನ ಮಾತನ್ನು ಅವನ ಬೆನ್ನಿಗೇ ಹೇಳುತ್ತಿದ್ದರು. ಅದು ಮುಗಿದರೆ ಸಿನಿಮಾ ಮಂದಿಯ ಸುದ್ದಿ. ಯಾವ ನಟಿ ಗಂಡನನ್ನು ಬಿಟ್ಟಳು, ಯಾವ ನಟನ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಎಲ್ಲವನ್ನೂ ಬೀಗರ ಮನೆಯ ವಿಷಯದಂತೆ ಚಿಂತೆಯಿಂದ ಕೇಳುವರು. ಆಮೇಲೆ ಕಬಡ್ಡಿಯೋ ಕ್ರಿಕೆಟ್ಟೋ. ಕ್ರಿಕೆಟ್ಟಿನಲ್ಲಿ ಅವರ ಕಣ್ಣು ಔಟಾಗಿ ವಾಪಸು ನಡೆಯುವವನ ಮೇಲೆ.

"ಕಪ್ ಎತ್ತಿದವನ್ನ ಎಲ್ಲರೂ ನೋಡ್ತಾರ," ಎಂದು ಗಂಡನಿಗೆ ಹೇಳುವರು. "ಇಂವ ಒಬ್ಬನೇ ಪಾವಟಿಗಿ ಹತ್ತಿ ಹೋಗ್ಲಕತ್ತಾನ ನೋಡ್ರಿ. ಇವನ ಜೋಡಿ ಯಾರರೆ ಮಾತಾಡಬೇಕಲ್ಲ? ಗೆದ್ದವರಿಗಿ ಬಹುಮಾನ ಅದ. ಸೋತವರಿಗಿ ನಿರೂಪಕ ಬೇಕು."

ಒಂದು ವರ್ಷ ಗಣಪತಿ ಪೆಂಡಾಲಿನಲ್ಲಿ ಕಾಲೊನಿಯ ಮಂಡಳಿ ಅಂಥದೇ ಆಟ ಇಟ್ಟಿತು. ಹೆಂಗಸರು ಬಂದು ತುಂಬಿದರು, ಕರೆಸಿದ್ದ ನಿರೂಪಕ ಮಾತ್ರ ಬರಲಿಲ್ಲ. ಮಂಡಳಿಯ ಅಧ್ಯಕ್ಷ ಯಶವಂತ ಕಾರ್ಯಕ್ರಮ ರದ್ದೆಂದು ಹೇಳಲು ಎದ್ದಾಗ, ಹಿಂದಿನ ಸಾಲಿನಿಂದ ಚನಬಸವ್ವ ನಡೆದುಬಂದು ಮೈಕಿಗೆ ಕೈಯೊಡ್ಡಿದರು. ಯಾಕೆ ಎದ್ದರೆಂದು ಅವರಿಗೂ ಕೊನೆಯವರೆಗೆ ಹೇಳಲಾಗಲಿಲ್ಲ. ಮೊದಲ ವಾಕ್ಯದಲ್ಲೇ ಮರಾಠಿಯ ಗಂಡು ಹೆಣ್ಣಾಯಿತು, ಹೆಣ್ಣು ಗಂಡಾಯಿತು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅವರು ಮೈಕನ್ನು ಇನ್ನಷ್ಟು ಹತ್ತಿರ ಹಿಡಿದು ಅದೇ ಮುರುಕು ಮರಾಠಿಯಲ್ಲಿ, "ನಾ ತಪ್ಪಿದಾಗೆಲ್ಲ ಚಪ್ಪಾಳೆ ಹೊಡೆಯಿರಿ. ಇವತ್ತು ನಿಮ್ಮ ಕೈಗಳು ಬಾತುಹೋಗುತ್ತವೆ," ಎಂದರು.

ಆ ಸಂಜೆ ನಿಜಕ್ಕೂ ಕೈಗಳು ಬಾತವು. ಮೊದಲ ಸುತ್ತಿನಲ್ಲೇ ಸೋತ ಭಾನುಮತಿಯನ್ನು ವೇದಿಕೆಯ ಮೇಲೇ ನಿಲ್ಲಿಸಿಕೊಂಡು ತವರೂರು ಕೇಳಿದರು, ಮದುವೆಯ ಕತೆ ಹೇಳಿಸಿದರು, ಹಾಡಿಸಿದರು. ಮರುದಿನ ಗೆದ್ದವಳ ಹೆಸರು ಯಾರಿಗೂ ನೆನಪಿರಲಿಲ್ಲ. ಸೋತವರು ಗಲ್ಲಿಗೆಲ್ಲ ಪರಿಚಯದವರಾಗಿದ್ದರು. ಚನಬಸವ್ವ 'ಚನ್ನಾವಹಿನಿ' ಆದರು.

ಅಂದಿನಿಂದ ಊರೂರಿನಿಂದ ಕರೆ ಬಂತು. ಧ್ವನಿವರ್ಧಕದ ಪೆಟ್ಟಿಗೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಒಯ್ಯುವುದು ವಿಶ್ವನಾಥಪ್ಪನವರ ಕೆಲಸವಾಯಿತು. ಅಲ್ಲೇ ಹತ್ತಿರದ, ಕನ್ನಡ ಎಂಬ ಹೆಸರಿನ ತಾಲೂಕಿಗೂ ಹೋಗಿ ಬಂದರು. "ಊರಿಗಿ ಕನ್ನಡ ಅಂತ ಹೆಸರದ, ಒಬ್ಬರಿಗೂ ಕನ್ನಡ ಬರಂಗಿಲ್ಲಲ್ರಿ," ಎಂದು ವಾಪಸು ಬರುವ ದಾರಿಯುದ್ದ ನಕ್ಕಿದ್ದರಂತೆ.

* * *

ಭಾನುಮತಿ ಕಾಕೂ ಒಳಗೆ ಬಂದು ಚನಬಸವ್ವನ ಪಾದ ಮುಟ್ಟಿದರು. ಬಸವಕುಮಾರರ ಮಾತಿನ ಅರ್ಥ ಅವರಿಗೆ ಕಿಟಕಿಯ ಹೊರಗೇ ತಿಳಿದಿತ್ತು; ಅಶ್ವಿನಿಗೆ ಮರಾಠಿಯಲ್ಲಿ ಹೇಳಿದರು: "ನಾನು ಎಂದೂ ಗೆದ್ದವಳಲ್ಲ. ಇದು ಮಗಳ ಸೀರೆ. ಹೊರಗೆ ನಿಂತವರಲ್ಲಿ ಮುಕ್ಕಾಲು ಮಂದಿ ಅಕ್ಕನದೋ ಸೊಸೆಯದೋ ಉಟ್ಟು ಬಂದವರು. ನಮ್ಮಂಥ ಸೋತವರೂ ಬರಬಾರದೆಂದರೆ ಇವಳ ಹಿಂದೆ ಯಾರು ಹೋಗಬೇಕು?"

ರವಿಕಾಂತ ಹೆಂಡತಿಯನ್ನು ಪಕ್ಕಕ್ಕೆ ಕರೆದ. ಬಿಡಕಿನ್‌ನ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಾಗಲೇ ಸುದ್ದಿ ಬಂದಿತ್ತು; ಇನ್ನೂ ಅದೇ ನೀಲಿ ಅಂಗಿಯಲ್ಲಿದ್ದ.

"ದೊಡ್ಡಪ್ಪ ಹಿರೇರು, ಅಶ್ವಿನಿ. ಅವ್ವನ ಎದುರು ಜಗಳ ಬ್ಯಾಡ."

"ಜಗಳ ನಾ ಕುಠೆ ಮಾಡ್ಲಕತ್ತೀನಿ," ಎಂದಳು ಅಶ್ವಿನಿ. ಆದರೆ ಅವಳ ಕಣ್ಣು ಹೆಣದ ಪಕ್ಕದಲ್ಲಿ ಕೂತಿದ್ದ ಭಾನುಮತಿಯ ಮೇಲೆಯೇ ಇತ್ತು.

* * *

ಅವಳೂ ಸೋತವಳೇ. ನಾಶಿಕದ ಪಂಚವಟಿಯಲ್ಲಿ, ನದಿಯ ಹತ್ತಿರದ ಮೈದಾನದಲ್ಲಿ, ಒಂದು ದೊಡ್ಡ ಆಟದ ಸಂಜೆ. ಟಿವಿಯ ಹೆಸರಾಂತ ನಿರೂಪಕನೊಬ್ಬ ಬರುತ್ತಾನೆಂದು ಗಲ್ಲಿಗಲ್ಲಿಗೂ ಫಲಕ ಹಾಕಿದ್ದರು. ಅವನು ಬರುವವರೆಗೆ ಜನರನ್ನು ಹಿಡಿದಿಡಲು ಚನ್ನಾವಹಿನಿಯನ್ನು ಕರೆಸಿದ್ದರು.

ಅವನ ಗಾಡಿ ತಡವಾಯಿತು. ಚನ್ನಾವಹಿನಿ ಆಟದ ಮೇಲೆ ಆಟ ಆಡಿಸುತ್ತ ಹೋದರು. ಚಮಚದ ಮೇಲಿನ ನಿಂಬೆಹಣ್ಣು ಬೀಳಿಸಿ ಹೊರಬಿದ್ದ ಅಶ್ವಿನಿ ನಾಚಿಕೆಯಿಂದ ಓಡಿಹೋಗುವುದರಲ್ಲಿದ್ದಳು. ಮೈಕ್ ಹಿಡಿದ ಚನ್ನಾವಹಿನಿಯ ಕೈ ಅವಳ ಹೆಗಲ ಮೇಲೆ ಬಿತ್ತು.

"ಹಣಿ ಮ್ಯಾಲ ವಿಭೂತಿ ಅದ. ಯಾರ ಮಗಳು ನೀ?" ಎಂದು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಕೇಳಿದರು.

ಅಶ್ವಿನಿ ಗಾಬರಿಯಲ್ಲಿ ಕನ್ನಡ, ಮರಾಠಿ ಕಲಸಿ ಏನೋ ಅಂದಳು. ಮೈದಾನ ನಕ್ಕಿತು.

"ನಕ್ಕರ ನಗ್ಲಿ ಬಿಡವ್ವ. ನಗೋ ಮಂದಿ ಎದ್ದು ಹೋಗಂಗಿಲ್ಲ," ಎಂದು ಅವರು ಮೈಕ್ ಪಕ್ಕಕ್ಕೆ ಹಿಡಿದು ಕಿವಿಯಲ್ಲಿ ಹೇಳಿದರು.

ಅಷ್ಟರಲ್ಲಿ ಆ ನಿರೂಪಕ ಅಂಗರಕ್ಷಕರ ನಡುವೆ ಬಂದ. ಚನ್ನಾವಹಿನಿ ಮೈಕ್ ಅವನ ಕೈಗಿಟ್ಟು ಮೆಟ್ಟಿಲಿಳಿಯತೊಡಗಿದರು. ಮೊದಲು ಮುಂದಿನ ಸಾಲಿನ ಒಬ್ಬ ಮುದುಕಿ, ಆಮೇಲೆ ಇಡೀ ಮೈದಾನ, ವಹಿನಿಯೇ ಆಡಿಸಲಿ ಎಂದು ಕೂಗತೊಡಗಿತು. ವೇದಿಕೆಯ ಮೇಲಿದ್ದ ಮುಖಂಡರು ಬೆವರಿದರು. ನಿರೂಪಕ ಒಳ್ಳೆಯವನು. ಕಪ್ಪು ಕನ್ನಡಕ ತೆಗೆದು, "ಹಾಗಾದರೆ ನನ್ನನ್ನೂ ಆಡಿಸಿ ವಹಿನಿ," ಎಂದ. ಅವರು ಆಡಿಸಿದರು. ಅವನ ನಿಂಬೆಹಣ್ಣೂ ಬಿತ್ತು. ಕೂಗೆಬ್ಬಿಸಿದ್ದ ಆ ಮುದುಕಿಯೇ ಅವನನ್ನು ಸೋಲಿಸಿದಳು. ಚನ್ನಾವಹಿನಿ ಮುದುಕಿಗೆ ಚಪ್ಪಾಳೆ ಹೊಡೆಸಿ, ನೇರ ಅವನ ಬಳಿ ಹೋಗಿ ಕೇಳಿದರು: "ನಿಮ್ಮ ತಾಯಿ ಕೈಯ ಯಾವ ಅಡುಗೆ ನಿಮಗಿಷ್ಟ?"

ದಿನಾ ಎಲ್ಲರನ್ನೂ ಕೇಳುವವನನ್ನು ಯಾರೂ ಏನೂ ಕೇಳಿರಲಿಲ್ಲವೋ ಏನೋ. ಅವನು ನೆಲದ ಮೇಲೆ, ಸೋತವರ ಸಾಲಿನಲ್ಲಿ, ಅಶ್ವಿನಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಹೇಳತೊಡಗಿದ. ಗೋದಾವರಿಯ ಆಚೆ ದಡಕ್ಕೂ ಕೇಳುವಂಥ ಚಪ್ಪಾಳೆ ಬಿತ್ತು ಅಂದು.

ಮರುವಾರ ಚನಬಸವ್ವ ಗಂಡನನ್ನು ಕರೆದುಕೊಂಡು ಅಶ್ವಿನಿಯ ಮನೆಗೆ ಬಂದರು, ಮಗನಿಗೆ ಹೆಣ್ಣು ಕೇಳಲು.

* * *

ಮಂಟಪ ಕಟ್ಟಿದ ಟ್ರ್ಯಾಕ್ಟರ್ ಬಾಗಿಲಿಗೆ ಬಂತು. ಬಸವಕುಮಾರ, "ಹೇಳಿದಿ ಏನವ್ವ ಅವರಿಗಿ?" ಎಂದು ಕೇಳಿದರು.

ಅಶ್ವಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಲ್ಲ ದೊಡ್ಡ ಮಾವಾ. ನಾ ಸುದ್ಧಾ ಹೋಗೋದು ಅದ."

ಬಸವಕುಮಾರ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ವಿಶ್ವನಾಥಪ್ಪ ಎದ್ದರು.

"ಅಣ್ಣಾ, ಬರ್ಲಿ ಬಿಡು. ಜೀವಮಾನ ಪೂರಾ ಆಕಿ ಕರದಾಗ ಬಂದಾರ. ಇವತ್ತ ಕರೀದೆ ಬಂದಾರ."

ಅದಕ್ಕಿಂತ ಉದ್ದದ ಮಾತನ್ನು ಅಶ್ವಿನಿ ಅವರ ಬಾಯಿಂದ ಕೇಳಿರಲಿಲ್ಲ. ಬಸವಕುಮಾರ ಅಯ್ಯನವರ ಮುಖ ನೋಡಿದರು. ಅಯ್ಯನವರು ದೀಪದ ಬತ್ತಿ ಸರಿಮಾಡುತ್ತ, "ನಮ್ಮಲ್ಲಿ ಸೂತಕ ಎಲ್ಲಿ ಅದರಿ? ಲಿಂಗದಾಗ ಬೆರೆಯೋ ದಿನ. ಛಲೋ ಸೀರಿ ಉಟ್ಟರ ತಪ್ಪಿಲ್ಲ," ಎಂದರು. ಬಸವಕುಮಾರ ಮಂಟಪದ ಬಾಳೆಕಂಬ ಬಿಗಿಯಲು ಹೊರಗೆ ಹೋದರು.

ಹೂವಿನ ಮಂಟಪದಲ್ಲಿ ಚನಬಸವ್ವನನ್ನು ಕೂರಿಸಿಕೊಂಡು ಟ್ರ್ಯಾಕ್ಟರ್ ಹೊರಟಿತು. ಮುಂದೆ ಭಜನೆಯವರು, ಹಿಂದೆ ಪೈಠಣಿಗಳ ಹೊಳೆ. ಮುಖ್ಯರಸ್ತೆಯಲ್ಲಿ ರಿಕ್ಷಾಗಳು ಬದಿಗೆ ನಿಂತವು. ಅಂಗಡಿಗಳಿಂದ ಜನ ಹೊರಬಂದು, ಯಾರ ಮೆರವಣಿಗೆಯೆಂದು ಕೇಳಿ, ತಿಳಿದಮೇಲೆ ಚಪ್ಪಲಿ ಬಿಟ್ಟು ಕೈ ಮುಗಿದರು.

ಊರ ಹೊರಗೆ, ರುದ್ರಭೂಮಿಗೆ ತಿರುಗುವ ಮಣ್ಣಿನ ದಾರಿಯಲ್ಲಿ, ರಾತ್ರಿಯ ಮಳೆಗೆ ಎರೆಮಣ್ಣು ಹದಗೊಂಡು ಕೂತಿತ್ತು. ಟ್ರ್ಯಾಕ್ಟರಿನ ಹಿಂಗಾಲಿ ಅದರಲ್ಲಿ ಇಳಿಯಿತು. ಚಾಲಕ ಎಷ್ಟು ರೇಸ್ ಮಾಡಿದರೂ ಗಾಲಿ ಅಲ್ಲೇ ತಿರುಗಿ ಇನ್ನಷ್ಟು ಹೂತುಕೊಂಡಿತು. ಮಂಟಪ ಒಂದು ಕಡೆ ವಾಲಿತು. ಬಸವಕುಮಾರ, ರವಿಕಾಂತ, ಭಜನೆಯವರು ಹಿಂದಿನಿಂದ ಹೆಗಲು ಕೊಟ್ಟು ನೂಕಿದರು. ಬಸವಕುಮಾರ ಜಾರಿ ಮೊಣಕಾಲೂರಿ ಬಿದ್ದರು. ಮತ್ತೆ ಮಳೆ ಹನಿಯತೊಡಗಿತು.

"ಹಗ್ಗ ಅದ ಏನರಿ?" ಅಶ್ವಿನಿ ಚಾಲಕನನ್ನು ಕೇಳಿದಳು.

ಅವನು ಸೀಟಿನ ಕೆಳಗಿಂದ ದಪ್ಪ ಹಗ್ಗ ತೆಗೆದು ಟ್ರ್ಯಾಕ್ಟರಿನ ಮೂತಿಗೆ ಬಿಗಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಪೈಠಣಿಗಳನ್ನು ಮೊಣಕಾಲಿಗೆ ಎತ್ತಿ ಕಚ್ಚೆ ಹಾಕಿದರು, ಚಪ್ಪಲಿ ಬೇಲಿಯ ಬುಡಕ್ಕೆ ಎಸೆದರು, ಹಗ್ಗದ ಎರಡೂ ಬದಿಗೆ ಸಾಲಾಗಿ ನಿಂತರು. ಮುಂದೆ ಭಾನುಮತಿ, ಅವರ ಹಿಂದೆ ಅಶ್ವಿನಿ. ಮೊದಲ ಎಳೆತಕ್ಕೆ ಕಾಲುಗಳಷ್ಟೇ ಜಾರಿದವು. ಎರಡನೆಯದಕ್ಕೆ ಹಗ್ಗ ಬಿಗಿಯಿತು. ಹಿಂದಿನಿಂದ, ಧೋತರವೆಲ್ಲ ಕೆಸರಾದ ಬಸವಕುಮಾರ ಮತ್ತೆ ಹೆಗಲು ಕೊಟ್ಟು, "ಎಳೀರಿ ತಾಯಿ, ಎಳೀರಿ, ಬಂತು ಬಂತು," ಎಂದು ಗಂಟಲು ಬಿಚ್ಚಿ ಕೂಗಿದರು. ಗಾಲಿ ಒಮ್ಮೆ ನರಳಿ, ಕೆಸರು ಕಾರಿ, ಮೇಲೆದ್ದಿತು.

ಮುಂದೆ ದಾರಿ ಗಟ್ಟಿಯಿತ್ತು. ಚಾಲಕ ಹಗ್ಗ ಬಿಡಿರೆಂದು ಕೈಮಾಡಿದ. ಯಾರೂ ಬಿಡಲಿಲ್ಲ. ಅವನು ಎಂಜಿನನ್ನು ಸಣ್ಣಗೆ ಇಳಿಸಿದ. ಕೆಸರು ಮೆತ್ತಿದ ಜರಿಯಂಚುಗಳು ಮೀನಖಂಡಗಳಿಗೆ ಅಂಟಿಕೊಂಡಿದ್ದವು. ಬರಿಗಾಲಿನ ಆ ಎರಡು ಸಾಲು ಹೆಂಗಸರು, ಮೇಲೆ ನೆಟ್ಟಗೆ ಕೂತ ಚನಬಸವ್ವನನ್ನು, ಕುಣಿಯ ಅಂಚಿನವರೆಗೆ ಎಳೆದುಕೊಂಡೇ ನಡೆದರು.