ಹೆಸರು ಹೊರಗೆ ಕಾಣುವಂತೆ

ಹೂಗುಚ್ಛಕ್ಕೆ ಕಟ್ಟಿದ್ದ ಬಿಳಿ ರಿಬ್ಬನ್ನು ಮತ್ತೆ ಸುರುಳಿ ಸುತ್ತಿಕೊಂಡಿತು. ಸಿರ್ಪಾ ಅದನ್ನು ಹೆಬ್ಬೆರಳಿನಿಂದ ತೀಡಿ ನೆಟ್ಟಗೆ ಮಾಡಿದಳು. ಚರ್ಚಿನ ಬಾಗಿಲಲ್ಲಿ ಜನ ಬೂಟಿನ ಹಿಮ ಕೊಡವುತ್ತಿದ್ದರು. ಒಳಗೆ, ಮೇಣದ ಬತ್ತಿಗಳ ನಡುವೆ, ಹೆಲ್ವಿಯ ಶವಪೆಟ್ಟಿಗೆ ಇತ್ತು. ಕಾಯಾನಿ ಊರಿನ ಶಾಲೆಯೊಂದರ ನೆಲವನ್ನು ಮೂವತ್ತೊಂದು ವರ್ಷ ಒರೆಸಿದವಳು ಹೆಲ್ವಿ. ಕಡೆಯ ವರ್ಷಗಳಲ್ಲಿ ಆಕೆಗೆ ಜೊತೆಯಾಗಿ ಒರೆಸಿದವಳು ಸಿರ್ಪಾ.

"ಏನು ಬರೆಸಿದ್ದೀಯೇ?" ಶಾಲೆಯ ಅಡುಗೆಮನೆಯ ಐಲಾ ಬಗ್ಗಿ ರಿಬ್ಬನ್ನು ಓದಿದಳು. "'ಶಾಂತಿಯಿಂದ ವಿಶ್ರಮಿಸು. ಸಿರ್ಪಾ.' ಹೂಂ! ಅವಳೆಲ್ಲಿ ವಿಶ್ರಮಿಸ್ತಾಳೆ? ಇಷ್ಟೊತ್ತಿಗೆ ಸ್ವರ್ಗದ ಕಪಾಟೆಲ್ಲ ಖಾಲಿ ಮಾಡಿಸಿ, ಬಾಗಿಲು ಕಾಯೋ ಪೇತ್ರನ ಕೈಗೆ ಒದ್ದೆ ಬಟ್ಟೆ ಕೊಟ್ಟಿರ್ತಾಳೆ."

ಪಕ್ಕದಲ್ಲಿದ್ದ ರೀಕ್ಕಾ, ಹೆಲ್ವಿಯ ಒಬ್ಬಳೇ ಮಗಳು, ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಎಲ್ಲರಿಗೂ ಜೋಪಾನ, ಜೋಪಾನ ಅಂತಿದ್ದಳು. ತಾನೇ ಒಂದು ದಿನ ನೋಡದೆ ಒಂದು ಡಬ್ಬಿಯದನ್ನ ಇನ್ನೊಂದಕ್ಕೆ ಸುರಿದಳಲ್ಲ! ಆ ಹೊಗೆಗೆ ಎದೆ ಹೋಯ್ತು, ಹಾಡು ಹೋಯ್ತು. ಚರ್ಚಿನಲ್ಲಿ ಅಮ್ಮನ ದನಿ ಇಲ್ಲದ ಭಾನುವಾರ ಕೇಳಿ ಕೇಳಿ ಸಾಕಾಯ್ತು ನನಗೆ. ಆ ಸಿಟ್ಟು ಪೆಟ್ಟಿಗೆ ನೋಡಿದ್ರೂ ಇಳೀಲಿಲ್ಲ ಐಲಾ."

"ಇವತ್ತಾದ್ರೂ ಬಿಟ್ಟುಬಿಡು, ಹುಡುಗಿ."

ಸಿರ್ಪಾಳ ಹೆಬ್ಬೆರಳು ರಿಬ್ಬನ್ನಿನ ಮೇಲೆ ನಿಂತುಬಿಟ್ಟಿತು. ಚರ್ಚಿನ ಗಂಟೆ ಹೊಡೆಯಿತು.

*

ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಎರಡನೆಯ ವಾರ, ಸಿರ್ಪಾ ಶಾಲೆಯ ಕಸಬರಿಗೆ ಕೋಣೆಯನ್ನು ಓರಣ ಮಾಡಲು ಹೊರಟಳು. ಮನೆಯಲ್ಲಿ ಅರ್ಧರ್ಧ ಉಳಿದ ಹಾಲನ್ನು ಒಂದೇ ಪಾತ್ರೆಗೆ ಸುರಿಯುವಂತೆ, ಅರ್ಧ ಖಾಲಿಯಾದ ಎರಡು ಡಬ್ಬಿಗಳನ್ನು ಒಂದು ಮಾಡಿದಳು. ಒಂದರಲ್ಲಿದ್ದದ್ದು ಬ್ಲೀಚು. ಇನ್ನೊಂದು ಕಮೋಡಿನ ಕರೆ ತೆಗೆಯುವ ಆಸಿಡ್ಡು; ಅದರ ಚೀಟಿ ತೇವಕ್ಕೆ ಕಳಚಿಹೋಗಿತ್ತು.

ಎರಡೂ ಸೇರಿ ಎದ್ದ ವಿಷದ ಹೊಗೆ ಗಂಟಲು ಹಿಂಡಿತು. ಕಣ್ಣು ಕಾಣದಾಯಿತು. ಹೆಲ್ವಿ ಬಂದು ಕೊರಳಪಟ್ಟಿ ಹಿಡಿದು ಅವಳನ್ನು ಹೊರಗೆಳೆದಳು. ಗೋಡೆಯಾಚೆ ಒಂದನೇ ತರಗತಿಯ ಮಕ್ಕಳು ಹಾಡುತ್ತಿದ್ದರು. ಹೆಲ್ವಿ ಆ ಹಾಡು ಕೇಳಿ ಮತ್ತೆ ಒಳಹೊಕ್ಕಳು, ಡಬ್ಬಿಯನ್ನು ಎತ್ತಿ ಅಂಗಳದ ಹಿಮದವರೆಗೂ ಹೊತ್ತೊಯ್ದಳು.

ಆಸ್ಪತ್ರೆಯ ಮಂಚದ ಮೇಲೆ ಹೆಲ್ವಿಯ ದನಿ ಗರಗಸದಂತಾಗಿತ್ತು.

"ನಾನು ಸುರಿದೆ ಅಂತ ಶಾಲೆಗೆ ಬರೆದುಕೊಟ್ಟಿದ್ದೀನಿ."

"ಅಯ್ಯೋ, ಯಾಕೆ ಹೆಲ್ವಿ?"

"ನಾನು ತಪ್ಪು ಮಾಡಿದ್ರೆ ಬೈತಾರೆ. ಹೊಸಬಳು ನೀನು ಮಾಡಿದ್ರೆ ಕೆಲಸದಿಂದಲೇ ಕಳಿಸ್ತಾರೆ. ಎರಡು ಮಕ್ಕಳನ್ನ ಒಬ್ಬಳೇ ಹೇಗೆ ಸಾಕ್ತೀಯ? ನನ್ನ ಉಸಿರಿರೋವರೆಗೆ ಬಾಯಿ ಬಿಡಬೇಡ. ಆಮೇಲೆ ನಿನ್ನಿಷ್ಟ."

ಹೆಲ್ವಿ ಕೆಲಸಕ್ಕೆ ಮರಳಿದ ದಿನವೇ ಇಬ್ಬರೂ ಕೂತು ಕೋಣೆಯನ್ನು ಹೊಸದಾಗಿ ಜೋಡಿಸಿದರು. ಆಸಿಡ್ಡು ಎಡಗೋಡೆಗೆ, ಬ್ಲೀಚು ಬಲಗೋಡೆಗೆ, ಎರಡೂ ಕೆಳಗಿನ ಹಲಗೆಯಲ್ಲಿ, ಕಣ್ಣಿನ ಮಟ್ಟಕ್ಕಿಂತ ತಗ್ಗಿನಲ್ಲಿ. ಕೈಗವಸು ಬಾಗಿಲ ಮೊಳೆಗೆ. ಒಂದರೊಳಗೆ ಇನ್ನೊಂದನ್ನು ಎಂದೂ ಸುರಿಯುವಂತಿಲ್ಲ. ಕಡೆಗೆ ಹೆಲ್ವಿ ಮೊಣಕಾಲೂರಿ, ಕೆಮ್ಮುತ್ತ, ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿದಳು.

"ಹೆಸರು ಹೊರಗೆ ಕಾಣಬೇಕು ಕಣೇ. ಕಣ್ಣು ಓದೋ ಮುಂಚೆ ಕೈ ಮುಂದಾಗಬಾರದು."

*

ಬಂದವರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಬಳಿ ಹೋಗಿ, ಹೂವಿಟ್ಟು, ರಿಬ್ಬನ್ನಿನ ಮಾತನ್ನು ಎಲ್ಲರಿಗೂ ಕೇಳುವಂತೆ ಓದಿ, ಮನೆಯವರಿಗೆ ತಲೆಬಾಗಿ ಮರಳುತ್ತಿದ್ದರು. ಸಿರ್ಪಾಳ ಸರದಿ ಬಂತು. 'ಶಾಂತಿಯಿಂದ' ಎಂದು ಓದಿದಳು. ಮುಂದಿನ ಪದ ಅಲ್ಲೇ ಇತ್ತು. ಅವಳು ಅದನ್ನು ಓದಲಿಲ್ಲ.

"ಆವತ್ತು ಸುರಿದವಳು ನಾನು, ಹೆಲ್ವಿ," ಎಂದಳು. "ನೀನಲ್ಲ. ನೀನು ನನ್ನ ಹೊರಗೆಳೆದೆ. ಮಕ್ಕಳಿಗೋಸ್ಕರ ಮತ್ತೆ ಒಳಗೆ ಹೋದೆ. ನಿನ್ನ ಉಸಿರಿರೋವರೆಗೆ ಬಾಯಿ ಬಿಡಬೇಡ ಅಂದಿದ್ದೆ ನೀನು. ಕಾದೆ. ಕಾಯಬಾರದಿತ್ತೇನೋ."

ಸಿರ್ಪಾ ರೀಕ್ಕಾಳ ಕಡೆ ತಿರುಗಿ ತಲೆಬಾಗಿದಳು. ರೀಕ್ಕಾ ಬಾಗಲಿಲ್ಲ, ಬಿಳುಚಿಕೊಂಡು ನೇರ ಕೂತಿದ್ದಳು.

ಸಮಾಧಿಯ ಬಳಿ ಗಂಡಸರು ಮಣ್ಣೆಳೆದರು, ಹೂಗಳನ್ನು ಮೇಲೆ ಜೋಡಿಸಿದರು. ಸಾಮನ್ ಮೀನಿನ ಸಾರು ಆರಿಹೋದೀತೆಂದು ಐಲಾ ಎಲ್ಲರನ್ನೂ ಸಭಾಂಗಣಕ್ಕೆ ಅಟ್ಟಿಕೊಂಡು ಹೋದಳು. ಸಿರ್ಪಾ ದಾರಿಯಲ್ಲೇ ನಿಂತಳು, ಹೋಗಲೋ ಬೇಡವೋ ಎಂದು ತಿಳಿಯದೆ.

"ಹತ್ತೊಂಬತ್ತು ವರ್ಷ ಬೈದೆ ಅವಳನ್ನ," ಸಮಾಧಿಯ ಕಡೆಯಿಂದ ರೀಕ್ಕಾಳ ದನಿ ಬಂತು. "ಒಂದು ಸಲಾನೂ ಅವಳು 'ಅಲ್ಲ' ಅನ್ನಲಿಲ್ಲ."

"ಗೊತ್ತು."

"ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ರೀಕ್ಕಾ ಕೈಗವಸು ಕಳಚಿ ಮೊಣಕಾಲೂರಿದಳು. ಹೂಗಳ ಅಂಚಿನಲ್ಲಿ ಒಂದು ಬಿಳಿ ರಿಬ್ಬನ್ನು ಮಗುಚಿ ಬಿದ್ದಿತ್ತು. ಅದರ ಮೇಲಿನ ಹಿಮ ಒರೆಸಿ, ಸುರುಳಿಯನ್ನು ಬೆರಳಿನಿಂದ ತೀಡಿ, ದಾರಿಯಲ್ಲಿ ಹೋಗುವವರು ಓದುವಂತೆ ಹೊರಮುಖವಾಗಿ ತಿರುಗಿಸಿಟ್ಟಳು. ಸಿರ್ಪಾಳಿಗೆ ನಿಂತಲ್ಲಿಂದಲೇ ತನ್ನ ಹೆಸರು ಕಂಡಿತು.